ಚಲುವಯ್ಯನ ಕಾರ್ಡಿನಲ್ಲಿ ಹೋದ ಪುಸ್ತಕಗಳು

ಟಿ. ನರಸೀಪುರದಲ್ಲಿ ರೋಜಾ ನೋಡಿಕೊಳ್ಳುತ್ತಿದ್ದ ಗ್ರಂಥಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಪೇಪರ್ ಓದಲು ಬರುತ್ತಿದ್ದರು. ಕೆಲವರು ಕಾನ್‌ಸ್ಟೆಬಲ್ ಪರೀಕ್ಷೆಯ ಗೈಡಿಗೆ, ಕೆಲವರು ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂರುವುದಕ್ಕೆ. ಕಾದಂಬರಿ ಕೇಳುವ ನಾಲ್ಕಾರು ಹೆಂಗಸರಿದ್ದರು. ಕಿಟಕಿ ಪಕ್ಕದ ಮೂರು ಕಪಾಟುಗಳ ಹತ್ತಿರ ಮಾತ್ರ ಯಾರೂ ಸುಳಿಯುತ್ತಿರಲಿಲ್ಲ. ಅಲ್ಲಿದ್ದವು ಕಥೆಯಲ್ಲದ ಪುಸ್ತಕಗಳು: ಪಾರಿವಾಳ ಸಾಕುವುದು, ಗಡಿಯಾರ ಬಿಚ್ಚಿ ಜೋಡಿಸುವುದು, ಕೆರೆಯ ಹಕ್ಕಿಗಳು, ತಾರಸಿಯ ಮೇಲೆ ತರಕಾರಿ, ಹಳೆಯ ನಾಣ್ಯ, ಮರಗೆಲಸ, ಗ್ರಹಣ. ರೋಜಾ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊತ್ತು ಹೋಗದೆ ಅವನ್ನು ಓದತೊಡಗಿದಳು. ಆಮೇಲೆ ಅದೇ ರುಚಿಯಾಯಿತು. ಇಷ್ಟು ಒಳ್ಳೆಯ ಪುಸ್ತಕಗಳನ್ನು ತಾನೊಬ್ಬಳೇ ಓದಿ ಮುಗಿಸುತ್ತಿದ್ದೇನಲ್ಲ ಎಂದು ಸಂಕಟವೂ ಆಯಿತು. ಒಂದು ದಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದಳು: 'ನಿಮಗೆ ಏನು ಇಷ್ಟ ಹೇಳಿ. ಅದಕ್ಕೆ ತಕ್ಕ ಪುಸ್ತಕ ನಾನು ಹೇಳುತ್ತೇನೆ.'

ಮೂರು ವಾರ ಯಾರೂ ಏನೂ ಹೇಳಲಿಲ್ಲ. ನಾಲ್ಕನೆಯ ವಾರ ಒಂದು ಬುಧವಾರ ಮಧ್ಯಾಹ್ನ, ಐವತ್ತೈದರ ಆಸುಪಾಸಿನ ಮನುಷ್ಯನೊಬ್ಬ ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡು ಬಂದು ಮೇಜಿನಿಂದ ಎರಡು ಮಾರು ದೂರ ನಿಂತ.

"ಇಷ್ಟ ಏನು ಅಂತ ಯೋಳುದ್ರೆ ಬುಕ್ಕು ಕೊಡೋರು ನೀವೇಯಾ ಅವ್ವ? ಕಾಪಿ ಅಂಗ್ಡೀಲಿ ಯಾರೋ ಮಾತಾಡ್ಕತಿದ್ರು."

"ನಾನೇ. ಹೇಳಿ, ನಿಮಗೇನು ಇಷ್ಟ?"

ಅವನು ಒಂದು ಕ್ಷಣ ಮೇಲೆ ನೋಡಿ, ಕಂಠಪಾಠ ಒಪ್ಪಿಸುವವನಂತೆ ಹೇಳಿದ: "ಜೇನು. ಪೆಟ್ಗೇಲಿ ಸಾಕೋದು. ರಾಣಿ ಸತ್ರೆ ಏನ್ ಮಾಡ್ಬೇಕು ಅನ್ನೋದು ಅದ್ರಲ್ಲಿ ಇರ್ಬೇಕು."

ರೋಜಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಥ ಪುಸ್ತಕ ಎರಡನೆಯ ಕಪಾಟಿನಲ್ಲಿ ಇತ್ತು. ಅವನ ಹೆಸರಿನಲ್ಲಿ ಕಾರ್ಡು ಮಾಡಿಸಿದಳು. ಅರ್ಜಿಯನ್ನು ಅವಳೇ ತುಂಬಿದಳು. ಅವನು ಕೊನೆಯಲ್ಲಿ 'ಚಲುವಯ್ಯ' ಎಂದು ನಿಧಾನವಾಗಿ, ಒತ್ತಿ ಸಹಿ ಮಾಡಿದ. ಊರು ಸೋಸಲೆ ಕಡೆ, ಕೆಲಸ ಕೂಲಿ.

ಅಲ್ಲಿಂದ ಎರಡು ವರ್ಷ ಚಲುವಯ್ಯ ಬುಧವಾರ ಮತ್ತು ಶನಿವಾರ ತಪ್ಪದೆ ಬಂದ. ಅವನಷ್ಟು ಹವ್ಯಾಸಗಳಿದ್ದ ಮನುಷ್ಯನನ್ನು ರೋಜಾ ಕಂಡಿರಲಿಲ್ಲ. ಜೇನಿನ ಬೆನ್ನಿಗೇ ನಕ್ಷತ್ರ ಕೇಳಿದ. ನಕ್ಷತ್ರ ಮುಗಿಯುವ ಮೊದಲೇ ಹಳೆಯ ರೇಡಿಯೋ ರಿಪೇರಿ. ಆಮೇಲೆ ಹೊಳೆಯಲ್ಲಿ ಈಜುವುದು: ಕೆರೆಯದಲ್ಲ, ಹರಿಯುವ ನೀರಿನದೇ ಆಗಬೇಕು ಎಂದು ಹಟ ಹಿಡಿದ. ಸುಮ್ಮನೆ ತೆಗೆದುಕೊಂಡು ಹೋಗುವವನಲ್ಲ. ವಾಪಸು ಕೊಡುವಾಗ ಒಂದೊಂದು ಪ್ರಶ್ನೆ ತರುತ್ತಿದ್ದ. "ನೀವು ಕೊಟ್ಟ ಜೇನಿನ ಬುಕ್ನಲ್ಲಿ ಕಚ್ಚದೇ ಇರೋ ಮುಜಂಟಿ ಜೇನಿನ ಇಚಾರ ಎರಡೇ ಸಾಲು ಬರ್ದವ್ರೆ. ಅದ್ರದ್ದೇ ಬೇರೆ ಬುಕ್ಕು ಅದಾ?" ರೋಜಾ ಉತ್ತರ ಹುಡುಕಿ, ಬೇರೆ ಪುಸ್ತಕ ತೆಗೆದು, ಇಂಥ ಅಧ್ಯಾಯ ಮೊದಲು ಓದಿ ಎಂದು ಕಾಗದದ ಚೂರು ಸಿಕ್ಕಿಸಿ ಕೊಡುತ್ತಿದ್ದಳು. ಅವನು ಅದನ್ನು ಜೋಪಾನವಾಗಿ ಚೀಲಕ್ಕೆ ಇಳಿಸಿ, ಹೊತ್ತಾಯಿತು ಎಂದು ಹೊರಟುಬಿಡುತ್ತಿದ್ದ.

ಒಂದೇ ಒಂದು ಸಲ ಅವಳು ಅವನ ಮೇಲೆ ಬೇಸರ ಮಾಡಿಕೊಂಡಳು. ರೇಡಿಯೋ ಪುಸ್ತಕದ ಎರಡನೆಯ ಭಾಗ ಬೇಕು ಎಂದು ಅವನು ಮೂರು ಸಲ ಕೇಳಿದ್ದ. ರೋಜಾ ಮೈಸೂರಿಗೆ ಕಾಗದ ಬರೆದು, ಫೋನ್ ಮಾಡಿ, ಕೊನೆಗೆ ರಜೆಯ ದಿನ ತಾನೇ ಹೋಗಿ ತಂದಳು. ಅವನು ಬಂದಾಗ ಮೇಜಿನ ಮೇಲಿಟ್ಟಳು. ಅವನು ಅದರ ಮೇಲೆ ಕೈಯಿಟ್ಟು, "ಇದು ಈಗ ಬ್ಯಾಡ ಕಣವ್ವ" ಎಂದ. ಮೊದಲ ಭಾಗವನ್ನೂ ಚೀಲದಿಂದ ತೆಗೆದು ಕೊಟ್ಟ; ಅದರೊಳಗೆ ಅರ್ಧಕ್ಕೇ ಗುರುತಿನ ಚೀಟಿ ಇತ್ತು.

"ಅಷ್ಟು ಬೇಗ ಆಸಕ್ತಿ ಹೋಯ್ತಾ? ನಾನು ಎಷ್ಟು ಓಡಾಡಿದೆ ಗೊತ್ತಾ?" ಎಂದಿದ್ದಳು ರೋಜಾ. ಅವನು ತಲೆ ತಗ್ಗಿಸಿ, "ತೆಪ್ಪಾಯ್ತು" ಎಂದಷ್ಟೇ ಹೇಳಿದ್ದ.

ನವೆಂಬರಿನ ಗ್ರಂಥಾಲಯ ಸಪ್ತಾಹಕ್ಕೆ ತಾಲ್ಲೂಕಿನ ಉತ್ತಮ ಓದುಗ ಯಾರೆಂದು ಹೆಸರು ಕೊಡಬೇಕಾಗಿ ಬಂದಾಗ ರೋಜಾ ಯೋಚನೆಯೇ ಮಾಡಲಿಲ್ಲ. ಚಲುವಯ್ಯನ ಕಾರ್ಡಿನಲ್ಲಿ ತೊಂಬತ್ತಕ್ಕೂ ಹೆಚ್ಚು ಪುಸ್ತಕ ಹೋಗಿಬಂದಿದ್ದವು, ಒಂದರಲ್ಲೂ ಪುಟದ ಮೂಲೆ ಮಡಿಚಿರಲಿಲ್ಲ. ಅವನಿಗೆ, "ಶುಕ್ರವಾರ ಒಂದು ಸಣ್ಣ ಕಾರ್ಯಕ್ರಮ ಇದೆ, ನೀವು ಬರಲೇಬೇಕು" ಎಂದಳು. ಯಾತಕ್ಕೆಂದು ಹೇಳಲಿಲ್ಲ. ಅಚ್ಚರಿಪಡಿಸಬೇಕೆಂಬ ಆಸೆ ಅವಳದು.

ಶುಕ್ರವಾರ ಅರವತ್ತು ಕುರ್ಚಿ ತುಂಬಿದವು. ಮೈಸೂರಿನಿಂದ ಮೇಲಧಿಕಾರಿ ಬಂದಿದ್ದರು. ಮುಖ್ಯ ಅತಿಥಿ ಶಂಭುಲಿಂಗಪ್ಪನವರು. ನಂಜನಗೂಡಿನಲ್ಲಿ ಅಕ್ಕಿ ವ್ಯಾಪಾರ, ಮಠದ ಕೆಲಸಗಳಲ್ಲಿ ಮುಂದೆ ನಿಲ್ಲುವವರು, ಗ್ರಂಥಾಲಯಕ್ಕೆ ಕಪಾಟು ಮಾಡಿಸಿಕೊಟ್ಟವರು. ರೋಜಾ ಮೈಕಿನಲ್ಲಿ ಚಲುವಯ್ಯನ ಹೆಸರು ಹೇಳಿ, ಅವನು ಓದಿದ ಪುಸ್ತಕಗಳ ವಿಷಯಗಳನ್ನು ಒಂದೊಂದಾಗಿ ಹೇಳಿದಾಗ ಜನ ಹಿಂದೆ ತಿರುಗಿ ತಿರುಗಿ ನೋಡಿದರು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಚಲುವಯ್ಯ ಎದ್ದು ಬಂದ. ಅವನ ಮುಖ ಬಿಳುಚಿತ್ತು. ನಾಚಿಕೆ ಇರಬೇಕು ಎಂದುಕೊಂಡಳು ರೋಜಾ.

ಶಂಭುಲಿಂಗಪ್ಪನವರು ಶಾಲು ಹೊದಿಸಿದರು. ಅವರಿಗೆ ನಿಜಕ್ಕೂ ಖುಷಿಯಾಗಿತ್ತು. ಮೇಜಿನ ಮೇಲೆ ರೋಜಾ ಇಟ್ಟಿದ್ದ ನಕ್ಷತ್ರಗಳ ಪುಸ್ತಕವನ್ನು ಎತ್ತಿ ಅವನ ಕೈಗೆ ಕೊಟ್ಟು, "ನಿಮಗೆ ಮೆಚ್ಚಿಗೆಯಾದ ನಾಲ್ಕು ಸಾಲು ಓದಿಬಿಡಿ. ಈ ಹುಡುಗ್ರೂ ಕೇಳಿಸ್ಕೊಳ್ಳಲಿ" ಎಂದರು. ಮೈಕನ್ನು ಅವನ ಕಡೆ ತಿರುಗಿಸಿದರು.

ಚಲುವಯ್ಯ ಪುಸ್ತಕ ತೆರೆದ. ಸಪ್ತರ್ಷಿ ಮಂಡಲದ ಚಿತ್ರವಿದ್ದ ಪುಟವನ್ನೇ ಸರಿಯಾಗಿ ತೆರೆದ. ಅದನ್ನು ನೋಡುತ್ತ ನಿಂತ. ಕುರ್ಚಿಗಳು ಕಿರುಗುಟ್ಟುವುದು ನಿಂತಿತು. ಯಾರೋ ಕೆಮ್ಮಿದರು. ರೋಜಾ ನಗುತ್ತಲೇ ತಲೆಯಾಡಿಸಿ, ಓದಿ ಎಂದು ಸನ್ನೆ ಮಾಡಿದಳು.

"ನಂಗೆ ಓದಾಕೆ ಬರಾಕಿಲ್ಲ ಸಾ" ಎಂದ ಚಲುವಯ್ಯ.

ಮೈಕಿನಲ್ಲಿ ಅದು ಸಭೆಗೆಲ್ಲ ಕೇಳಿಸಿತು. ರೋಜಾಳಿಗೆ ಮಾತು ಕೇಳಿಸಿತು, ಅರ್ಥ ಮಾತ್ರ ತಲೆಗೆ ಇಳಿಯಲಿಲ್ಲ. ಕಣ್ಣು ಮಂಜಾಗಿದೆ, ಕನ್ನಡಕ ತಂದಿಲ್ಲ ಎನ್ನುತ್ತಿದ್ದಾನೆ ಎಂದುಕೊಂಡಳು. "ದೊಡ್ಡಕ್ಷರದ್ದು ಓದಿ, ಪರವಾಗಿಲ್ಲ" ಎಂದುಬಿಟ್ಟಳು.

"ಅಕ್ಸರ ಗೊತ್ತಿಲ್ಲ ಕಣವ್ವ. ಸೈನು ಒಂದು ಕಲ್ತಿವ್ನಿ, ಅಷ್ಟೇಯ. ಇದ್ರಲ್ಲಿ ಏನದೆ ಅಂತ ಬೇಕಾರೆ ಬಾಯಲ್ಲಿ ಯೋಳ್ತೀನಿ" ಎಂದ. ಆ ಕೊನೆಯ ಮಾತು ಯಾರಿಗೂ ಕೇಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕಿದ್ದ. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಮೇಲಧಿಕಾರಿ ರೋಜಾಳನ್ನು ದಿಟ್ಟಿಸಿ ನೋಡಿದರು. ಶಂಭುಲಿಂಗಪ್ಪನವರು ಮೈಕು ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ನಿಂತಿದ್ದರು.

ಚಲುವಯ್ಯ ಪುಸ್ತಕವನ್ನು ಮೇಜಿನ ಮೇಲಿಟ್ಟ. ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ ಪುಸ್ತಕದ ಪಕ್ಕಕ್ಕಿಟ್ಟ. ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ಯಾರನ್ನೂ ನೋಡದೆ ನಡೆದುಹೋದ.

ಕಾರ್ಯಕ್ರಮ ಹೇಗೋ ಮುಗಿಯಿತು. ಮೇಲಧಿಕಾರಿ ರೋಜಾಳನ್ನು ಪಕ್ಕಕ್ಕೆ ಕರೆದರು. "ಓದೋಕೆ ಬರದ ಮನುಷ್ಯ ಎರಡು ವರ್ಷದಿಂದ ತೊಂಬತ್ತು ಪುಸ್ತಕ ತಗೊಂಡು ಹೋಗಿದ್ದಾನೆ. ಎಲ್ಲಿಗೆ ತಗೊಂಡು ಹೋಗ್ತಿದ್ದ, ಯಾಕೆ ಅಂತ ನೀವು ಒಂದು ಸಲನೂ ಕೇಳಲಿಲ್ವಾ? ಸೋಮವಾರದೊಳಗೆ ಬರೆದು ಕೊಡಿ." ಪೇಪರ್ ಓದಲು ಬರುವ ಒಬ್ಬರು, ಆ ಪುಸ್ತಕಗಳನ್ನು ಜೆರಾಕ್ಸ್ ಮಾಡಿಸಿ ಎಲ್ಲೋ ಮಾರುತ್ತಿರಬೇಕು ಎಂದರು. ಇನ್ನೊಬ್ಬರು, ಮೇಡಮ್ಮೇ ಲೆಕ್ಕಕ್ಕೆ ತೋರಿಸಲು ಯಾವನದೋ ಹೆಸರು ಬರೆದುಕೊಂಡಿರಬೇಕು ಎಂದರು. ರೋಜಾ ಎರಡನ್ನೂ ಕೇಳಿಸಿಕೊಂಡಳು.

ಮನೆಗೆ ಹೋಗಿ ಊಟ ಬೇಡವೆಂದು ಕೂತಳು. ಅವಳ ಅಪ್ಪ ನಾಗಯ್ಯ ನಾಲೆ ಕೆಲಸದಿಂದ ನಿವೃತ್ತನಾದವನು, ಮಾತು ಕಡಿಮೆ. ಎಲ್ಲವನ್ನೂ ಕೇಳಿ, "ಆಮ್ಯಾಕೆ ಅವನ್ನ ಮಾತಾಡ್ಸುದ್ಯಾ?" ಎಂದ.

"ಏನು ಮಾತಾಡ್ಸೋದು ಅಪ್ಪ? ಎರಡು ವರ್ಷ ನನಗೆ ಸುಳ್ಳು ಹೇಳಿದಾನೆ."

"ಓದ್ತೀನಿ ಅಂತ ಅವ್ನು ಯಾವತ್ತಾರ ಯೋಳಿದ್ನಾ?"

ರೋಜಾ ಯೋಚಿಸಿದಳು. ಹೇಳಿರಲಿಲ್ಲ. ಒಂದು ದಿನವೂ ಹೇಳಿರಲಿಲ್ಲ. ಬುಕ್ಕು ಬೇಕು ಎಂದಿದ್ದ, ಇಂಥದ್ದು ಅದರಲ್ಲಿದೆಯೇ ಎಂದಿದ್ದ, ಇದರಲ್ಲಿ ಹೀಗೆ ಬರೆದಿದ್ದಾರೆ ಎಂದಿದ್ದ. ಓದಿದೆ ಎನ್ನುವ ಮಾತನ್ನು ಅವನ ಬಾಯಿಗೆ ಹಾಕಿದವಳು ತಾನು.

ಮಾರನೆಯ ದಿನ ಶನಿವಾರ ರಜೆ ಹಾಕಿ, ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಸೋಸಲೆಯ ಬಸ್ಸು ಹತ್ತಿದಳು. ಅವನ ಮನೆ ಸಿಕ್ಕಿತು, ಬೀಗ ಹಾಕಿತ್ತು. ಪಕ್ಕದ ಮನೆಯ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದ ಹೆಂಗಸು ಕೈ ನಿಲ್ಲಿಸದೆ ಹೇಳಿದಳು: "ಇವತ್ತು ಸನಿವಾರ ಅಲ್ವಾ? ಬೆಳಿಗ್ಗೆ ಐದು ಗಂಟೆ ಬಸ್ಗೇ ಓಗವ್ರೆ. ಬುದವಾರ ಸನಿವಾರ ಎಂಡ್ರ ಕರ್ಕಂಡು ನಂಜನಗೂಡ್ಗೆ ಓಯ್ತಾನೆ. ಮಂಚಮ್ಮನ್ಗೆ ಎರಡೂ ಕಿಡ್ನಿ ಓಗವೆ. ರಕ್ತ ತೊಳುಸ್ಬೇಕು, ಮಿಸಿನ್ಗೆ ಆಕ್ಸಿ."

ರೋಜಾ ಕೈಚೀಲದ ಹಿಡಿಕೆಯನ್ನು ಹಿಂಡುತ್ತ ನಿಂತಳು. ಬುಧವಾರ, ಶನಿವಾರ. ಬೆಳಗಿನ ಮಿಷಿನ್ ಮುಗಿಸಿ, ಹೆಂಡತಿಯನ್ನು ನರಸೀಪುರದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಸೋಸಲೆಯ ಬಸ್ಸು ಬರುವಷ್ಟರಲ್ಲಿ ಅವನು ತನ್ನಲ್ಲಿಗೆ ಬಂದು ಹೋಗುತ್ತಿದ್ದ. ಹೊತ್ತಾಯಿತು ಎಂದು ಅವನು ಹೇಳುತ್ತಿದ್ದದ್ದು ಅದಕ್ಕೆ.

ನಂಜನಗೂಡಿಗೆ ಹೋಗುವಾಗ ಬಸ್ಸಿನಲ್ಲಿ ಒಂದೂಕಾಲು ಗಂಟೆ ಅವಳು ಕಿಟಕಿಯಾಚೆ ನೋಡಿದಳು, ಏನೂ ಕಾಣಲಿಲ್ಲ. ಅವಳು ಕೇಳಿ ಹುಡುಕಿದ ಡಯಾಲಿಸಿಸ್ ಕೇಂದ್ರವನ್ನು ನಡೆಸುತ್ತಿದ್ದದ್ದು ಒಂದು ಸಣ್ಣ ಟ್ರಸ್ಟು. ಕಪಿಲೆಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿ. ಚಪ್ಪಲಿ ಬಿಟ್ಟು ಒಳಗೆ ಹೋದಳು. ಉದ್ದನೆಯ ಕೋಣೆ, ಗೋಡೆಗೆ ಆರು ಮಂಚ, ಪ್ರತಿ ಮಂಚದ ಪಕ್ಕ ಎದೆಯೆತ್ತರದ ಒಂದು ಮಿಷಿನ್ನು. ಕೊಳವೆಗಳಲ್ಲಿ ರಕ್ತ ತಿರುಗುತ್ತಿತ್ತು. ಅಷ್ಟು ಬಣ್ಣವನ್ನು ಅಷ್ಟು ಹತ್ತಿರದಿಂದ ನೋಡಿ ಅವಳು ಬಾಗಿಲ ಚೌಕಟ್ಟು ಹಿಡಿದಳು.

ಆಗ ಚಲುವಯ್ಯ ಕಾಣಿಸಿದ. ಅವನು ಎರಡನೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಒಂದು ದಪ್ಪ ಪುಸ್ತಕವನ್ನು ತೆರೆದು ಹಿಡಿದಿದ್ದ. ಪುಟಗಳು ಅವನ ಕಡೆಗಿರಲಿಲ್ಲ, ಮಂಚದಲ್ಲಿ ಒರಗಿದ್ದ ಅರವತ್ತರ ಹೆಂಗಸಿನ ಕಡೆಗಿದ್ದವು. ಆಕೆಯ ಒಂದು ಕೈಗೆ ಸೂಜಿ, ಇನ್ನೊಂದಕ್ಕೆ ಬಿಪಿ ಪಟ್ಟಿ. ಆಕೆ ಗಟ್ಟಿಯಾಗಿ ಓದುತ್ತಿದ್ದರು. ಐದು ಮಂಚದವರು ಕೇಳುತ್ತಿದ್ದರು. ಪುಟದ ಕೊನೆ ಬಂದಾಗ ಆಕೆ ಗದ್ದ ಎತ್ತಿದರು, ಚಲುವಯ್ಯ ಪುಟ ತಿರುವಿದ.

ಮೊದಲು ರೋಜಾಳನ್ನು ನೋಡಿದವನೂ ಅವನೇ. ಪುಸ್ತಕ ಹಿಡಿದ ಕೈ ಕೆಳಗಿಳಿಯಿತು. ಎದ್ದು ನಿಂತ.

"ನಿನ್ನೆ ನಿಮ್ಗೆ ಅವಮಾನ ಮಾಡ್ಬುಟ್ಟೆ ಕಣವ್ವ" ಎಂದ.

ಓದುತ್ತಿದ್ದ ಹೆಂಗಸು ತಲೆ ಹೊರಳಿಸಿದರು. "ಯಾರು ಚಲುವಯ್ಯ?" ಎಂದು ಕೇಳಿ, ಅವನು ಹೇಳುವ ಮೊದಲೇ, "ನೀವೇನಾ ರೋಜಾ ಮೇಡಂ?" ಎಂದರು. ಅಷ್ಟಕ್ಕೆ ಕೋಣೆಯಲ್ಲಿದ್ದ ಎಲ್ಲ ತಲೆಗಳೂ ದಿಂಬಿನ ಮೇಲೆ ಬಾಗಿಲ ಕಡೆ ಹೊರಳಿದವು. ಎಲ್ಲರಿಗೂ ಅವಳ ಹೆಸರು ಗೊತ್ತಿತ್ತು.

ಓದುತ್ತಿದ್ದವರು ಮಂಗಳಮ್ಮ, ಕವಲಂದೆಯ ಶಾಲೆಯಲ್ಲಿ ಟೀಚರಾಗಿದ್ದವರು. ಹಿತ್ತಿಲಲ್ಲಿ ಎರಡು ಜೇನುಪೆಟ್ಟಿಗೆ ಇಟ್ಟಿದ್ದರು. ರಾಣಿ ಸತ್ತರೆ ಏನು ಮಾಡಬೇಕೆಂಬ ಪ್ರಶ್ನೆ ಅವರದು. ಪಕ್ಕದ ಮಂಚದ ಅಮೃತೇಶನಿಗೆ ಇಪ್ಪತ್ತೆಂಟು ವರ್ಷ. ಕಾಲೇಜಿನಲ್ಲಿದ್ದಾಗ ಕಪಿಲೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದವನು. ಹೊಳೆಯ ಈಜು ಕೇಳಿದವನು ಅವನು. "ಈಗ ದಿನಕ್ಕೆ ಮೂರು ಲೋಟದ ಮೇಲೆ ನೀರು ಕುಡಿಯಂಗಿಲ್ಲ ಮೇಡಂ. ಅದಕ್ಕೇ ಓದೋದು" ಎಂದು ನಕ್ಕ. ರೋಜಾಳಿಗೆ ನಗಲಾಗಲಿಲ್ಲ. ಈಜುವ ಮುನ್ನ ಮೈ ಗಟ್ಟಿ ಮಾಡಿಕೊಳ್ಳುವ ಅಧ್ಯಾಯ ಮೊದಲು ಓದಿ, ದಿನಾ ಒಂದು ಮೈಲಿ ಓಡಿ ಎಂದು ಅವಳು ಚೀಟಿ ಸಿಕ್ಕಿಸಿ ಕೊಟ್ಟಿದ್ದಳು.

ನಕ್ಷತ್ರಗಳು ಮಂಚಮ್ಮನವು. ಕಡ್ಡಿಯಂತಾಗಿದ್ದ ಆಕೆ ಗೋಡೆ ಕಡೆಯ ಮಂಚದಿಂದ ಮೆಲ್ಲಗೆ ಹೇಳಿದಳು: "ಐದು ಗಂಟೆ ಬಸ್ಗೆ ನಿಂತಾಗ ಮ್ಯಾಲೆ ಕಾಣ್ತವಲ್ಲ, ಅವಕ್ಕೆ ಎಸ್ರು ಇರ್ಬೇಕು ಅಂದೆ. ಇವ್ರು ಬುಕ್ಕು ತಂದ್ಬುಟ್ರು."

ಬಸ್ಸಿನಲ್ಲಿ ಅಷ್ಟೂ ಜನರ ಪ್ರಶ್ನೆಗಳನ್ನು ಚಲುವಯ್ಯ ಬಾಯಲ್ಲೇ ಹೇಳಿಕೊಳ್ಳುತ್ತ ಬರುತ್ತಿದ್ದನಂತೆ, ಮರೆಯದಿರಲೆಂದು. ಅವಳ ಉತ್ತರಗಳನ್ನು ಹಾಗೆಯೇ ಹೇಳಿಕೊಳ್ಳುತ್ತ ವಾಪಸು ತರುತ್ತಿದ್ದನಂತೆ.

"ನನಗೆ ಯಾಕೆ ಹೇಳಲಿಲ್ಲ?" ಎಂದಳು ರೋಜಾ.

"ಕಾರ್ಡಿನ ಇಂದ್ಗಡೆ ಬೇರೇವ್ರಿಗೆ ಕೊಡಬಾರ್ದು ಅಂತ ಬರ್ದದೆ ಅಂತ ಮಂಗಳಮ್ಮೋರು ಓದಿ ಯೋಳುದ್ರು. ನಿಲ್ಸಿಬುಡ್ತೀರೇನೋ ಅಂತ ಬಯ ಆಯ್ತು." ಅವನು ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಆಮ್ಯಾಕೆ, ನೀವು ನನ್ನ ಓದೋನು ಅನ್ಕಂಡು ಮಾತಾಡುಸ್ತಿದ್ರಿ. ಅಂಗೆ ನನ್ನ ಯಾರೂ ಮಾತಾಡ್ಸಿಲ್ಲ. ಅಂಗೇ ಇರ್ಲಿ ಅನ್ನುಸ್ತು."

ರೋಜಾ ಮಂಚಗಳ ಕಡೆ ತಿರುಗಿದಳು. ಏನಾದರೂ ಕೇಳಬೇಕೆಂದು, "ಇಲ್ಲಿ ರೇಡಿಯೋ ಪುಸ್ತಕ ಕೇಳಿದವರು ಯಾರು?" ಎಂದಳು.

ಮಂಗಳಮ್ಮ ಕಿಟಕಿ ಪಕ್ಕದ ಮಂಚದ ಕಡೆ ನೋಡಿದರು. ಆ ಮಂಚದಲ್ಲಿ ಹತ್ತೊಂಬತ್ತಿಪ್ಪತ್ತರ ಹುಡುಗಿಯೊಬ್ಬಳು ಮುಖದ ಮೇಲೆ ದುಪಟ್ಟಾ ಎಳೆದುಕೊಂಡು ಮಲಗಿದ್ದಳು.

"ನಂಜೇಶ್ ಅಂತ. ಇಲ್ಲೇ ಬಜಾರಿನಲ್ಲಿ ಅಂಗಡಿ ಇಟ್ಟಿದ್ದ. ಆ ಮಂಚ ಅವನದ್ದು. ಆಷಾಢದಲ್ಲಿ ಹೋಗಿಬಿಟ್ಟ. ಎರಡನೇ ಭಾಗ ಬಂತಾ, ಬಂತಾ ಅಂತ ಕೇಳ್ತಿದ್ದ" ಎಂದರು ಮಂಗಳಮ್ಮ.

ರೋಜಾ ಅಲ್ಲಿದ್ದ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟಳು. ಅಷ್ಟು ಬೇಗ ಆಸಕ್ತಿ ಹೋಯ್ತಾ ಎಂದು ತಾನು ಕೇಳಿದ್ದು, ಅವನು ತೆಪ್ಪಾಯ್ತು ಎಂದದ್ದು, ಎಲ್ಲವೂ ಕಿವಿಯಲ್ಲಿ ಮತ್ತೆ ಕೇಳಿಸಿತು. ಅವಳು ಹೆಮ್ಮೆಯಿಂದ ಎಣಿಸಿಕೊಂಡಿದ್ದ ಹವ್ಯಾಸಗಳೆಲ್ಲ ಈಗ ಒಂದೊಂದು ಮುಖವಾಗಿ ಬಂದವು. ಪಾರಿವಾಳದ ಪುಸ್ತಕ ಎರಡೇ ವಾರಕ್ಕೆ ವಾಪಸು ಬಂದಿತ್ತು. ನಾಣ್ಯದ್ದು ಒಂದೇ ವಾರಕ್ಕೆ. ಆ ಇಬ್ಬರ ವಿಷಯ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

"ಕುತ್ಕಳಿ, ವಸಿ ವೊತ್ತು" ಎಂದ ಚಲುವಯ್ಯ. ಮತ್ತೆ ಸ್ಟೂಲಿನ ಮೇಲೆ ಕೂತು ಪುಸ್ತಕ ತೆರೆದ. ಮಂಗಳಮ್ಮ ಬಿಟ್ಟಲ್ಲಿಂದ ಓದಿದರು. ಹನ್ನೆರಡು ಗಂಟೆಗೆ ಮಿಷಿನ್ನುಗಳು ಒಂದೊಂದಾಗಿ ನಿಲ್ಲುವವರೆಗೂ ರೋಜಾ ಅಲ್ಲೇ ಕೂತಿದ್ದಳು.

ಸೋಮವಾರ ಅವಳು ಬರೆದು ಕೊಟ್ಟದ್ದು ಎರಡು ಪುಟ. ಕಂಡದ್ದನ್ನೆಲ್ಲ ಬರೆದಳು, ತಪ್ಪು ತನ್ನದೆಂದೂ ಬರೆದಳು. ಮೇಲಧಿಕಾರಿ ಎರಡೂ ಪುಟ ಓದಿದರು. ಆಮೇಲೆ, ನಿಯಮ ನಿಯಮವೇ, ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರಿಗೆ ಹೋಗಬಾರದು, ಎಲ್ಲರಿಗೂ ಬೇರೆ ಬೇರೆ ಕಾರ್ಡು ಮಾಡಿಸಿ ಎಂದರು. ಹೆಚ್ಚಿನವರು ಬೇರೆ ತಾಲ್ಲೂಕಿನವರಾದ್ದರಿಂದ ಪರಿಚಯಸ್ಥರೊಬ್ಬರು ಜಾಮೀನು ಸಹಿ ಹಾಕಬೇಕಿತ್ತು. ರೋಜಾ ನಂಜನಗೂಡಿನಲ್ಲಿ ತನಗೆ ಗೊತ್ತಿದ್ದ ಒಂದೇ ಹೆಸರು ನೆನೆದು ಶಂಭುಲಿಂಗಪ್ಪನವರ ಅಂಗಡಿಗೆ ಹೋದಳು.

ಅವರು ಅಕ್ಕಿ ಮೂಟೆಗಳ ನಡುವೆ ಕೂತು ಕೇಳಿಸಿಕೊಂಡರು. ಮುಖ ಕೆಂಪಗಾಯಿತು. "ಆ ಮಹಡಿಯ ಕೆಳಗೆ ದಿನಾ ಓಡಾಡ್ತೀನಿ ಕಣ್ರೀ. ಮೇಲೇನಿದೆ ಅಂತ ನೋಡಿಲ್ಲ. ಹೋಗಿ ಹೋಗಿ ಅವರ ಕೈಗೆ ಮೈಕು ಕೊಟ್ಟೆನಲ್ಲ" ಎಂದರು. ಆರು ಅರ್ಜಿಗೂ ಅಲ್ಲೇ ಸಹಿ ಹಾಕಿದರು. ಬುಧವಾರ ಬೆಳಿಗ್ಗೆ ತಾವೇ ಮೆಟ್ಟಿಲು ಹತ್ತಿ ಬಂದು, ಚಲುವಯ್ಯನ ಎದುರು ನಿಂತು, "ಅವತ್ತು ನಿಮ್ಮನ್ನ ಎಲ್ಲರ ಮುಂದೆ ಹಾಗೆ ನಿಲ್ಲಿಸಬಾರ್ದಾಗಿತ್ತು" ಎಂದರು. ಚಲುವಯ್ಯ ತಾನು ಕೂತಿದ್ದ ಸ್ಟೂಲನ್ನು ಅವರ ಕಡೆಗೆ ಸರಿಸಿದ. ಅವರು ಕೂತು ಅರ್ಧ ಗಂಟೆ ಜೇನಿನ ವಿಷಯ ಕೇಳಿ ಹೋದರು.

ಐದು ಅರ್ಜಿಗಳಲ್ಲಿ ಇಷ್ಟದ ವಿಷಯ ಬರೆದಾಗಿತ್ತು. ಆರನೆಯದು ಕಿಟಕಿ ಪಕ್ಕದ ಹುಡುಗಿಯದು, ಹೆಸರು ಶಿವಾನಿ. ಡಿಪ್ಲೊಮಾ ಎರಡನೆಯ ವರ್ಷದಲ್ಲಿ ಕಾಲು ಊದಿಕೊಂಡು ಆಸ್ಪತ್ರೆಗೆ ಹೋದವಳು ಮತ್ತೆ ಕಾಲೇಜಿಗೆ ಹೋಗಿರಲಿಲ್ಲ. ರೋಜಾ ಮಂಚದ ಪಕ್ಕ ಕೂತು, "ನಿಮಗೇನು ಇಷ್ಟ?" ಎಂದಳು.

ಶಿವಾನಿ ದುಪಟ್ಟಾ ಸರಿಸಿ ನೋಡಿದಳು. "ಏನೂ ಇಷ್ಟ ಇಲ್ಲ. ಈ ಮಿಷಿನ್ ಮೇಲಿರೋರು ಎಷ್ಟು ವರ್ಷ ಬದುಕ್ತಾರೆ ಅಂತ ಯಾವ್ದಾದ್ರೂ ಪುಸ್ತಕದಲ್ಲಿದ್ಯಾ?"

ಅಮೃತೇಶ ಮುಖ ಆ ಕಡೆ ತಿರುಗಿಸಿದ. ಇಷ್ಟು ವರ್ಷ ಯಾರು ಏನು ಕೇಳಿದರೂ ರೋಜಾಳ ಮನಸ್ಸು ತಾನಾಗಿ ಕಪಾಟಿನ ಕಡೆ ಹೋಗುತ್ತಿತ್ತು. ಈ ಸಲ ಹೋಗಲಿಲ್ಲ.

"ನಾನ್ ಬಂದು ನಾಕೊರ್ಸ ಆಯ್ತು ಕಣ್ ಮಗ. ನಮ್ಗಿಂತ ಇಂದ್ಲೋರು ಒಬ್ರು ಅನ್ನೊಂದೊರ್ಸದಿಂದ ಬತ್ತಾವ್ರೆ, ಸೋಮುವಾರ್ದ ಪಾಳೀಲಿ" ಎಂದಳು ಮಂಚಮ್ಮ, ಅಷ್ಟು ದೂರದಿಂದಲೇ. "ಇನ್ನೆಷ್ಟು ಅಂತ ನಂಗೂ ಗೊತ್ತಿಲ್ಲ."

"ಹುಡುಕ್ತೀನಿ" ಎಂದಳು ರೋಜಾ.

ಹುಡುಕಿದಳು. ಮೈಸೂರಿನಲ್ಲಿ ಮೂತ್ರಪಿಂಡದ ಬಗ್ಗೆ ವೈದ್ಯರೊಬ್ಬರು ಬರೆದ ಹಳೆಯ ಪುಸ್ತಕವೊಂದು ಸಿಕ್ಕಿತು. ಎಷ್ಟು ವರ್ಷ ಎನ್ನುವುದಕ್ಕೆ ಅದರಲ್ಲಿ ನೇರ ಉತ್ತರವಿರಲಿಲ್ಲ, ಆದರೆ ಡಯಾಲಿಸಿಸ್ ಬಗ್ಗೆ ಎರಡು ಅಧ್ಯಾಯವಿತ್ತು. ಈ ಸಲ ರೋಜಾ ಎಚ್ಚರ ವಹಿಸಿ ಅಕ್ಷರ ಬಿಡದೆ ಎರಡು ಸಲ ಓದಿದಳು. ಹೆದರಿಸುವಂಥದ್ದೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಶನಿವಾರ ತಂದು ಕೊಟ್ಟಳು. ಶಿವಾನಿ ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡಳು.

ಬುಧವಾರ ರೋಜಾ ಹೋದಾಗ ಶಿವಾನಿ ಒರಗಿ ಕೂತಿದ್ದಳು, ಮುಖದ ಮೇಲೆ ದುಪಟ್ಟಾ ಇರಲಿಲ್ಲ. "ಮೇಡಂ, ಇದನ್ನ ಪೂರ್ತಿ ಓದಿದ್ರಾ?"

"ಎರಡು ಸಲ."

"ಅರವತ್ತೆರಡನೇ ಪುಟ ತೆಗೀರಿ."

ರೋಜಾ ತೆಗೆದಳು. ಕಿಡ್ನಿಯ ಆರೋಗ್ಯಕ್ಕೆ ದಿನಾ ಒಂದು ಎಳನೀರು ಕುಡಿಯುವುದು ಒಳ್ಳೆಯದು ಎಂದಿತ್ತು. ಓದಿದ ನೆನಪಿತ್ತು; ಸರಿಯಾಗಿಯೇ ಇದೆ ಅನ್ನಿಸಿ ಮುಂದೆ ಹೋಗಿದ್ದಳು.

"ಅದು ಕಿಡ್ನಿ ನೆಟ್ಟಗಿರೋರಿಗೆ ಬರೆದಿದ್ದು. ನಾವು ಎಳನೀರು ಕುಡಿದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹಾರ್ಟ್ ನಿಂತುಹೋಗಬಹುದು. ನನ್ನ ಮೊದಲನೇ ದಿನಾನೇ ಇಲ್ಲಿನ ಸಿಸ್ಟರ್ ಹೇಳಿದ್ರು. ನಮ್ಮಂಥೋರಿಗೆ ಬೇಡ ಅಂತ ಈ ಬುಕ್ಕಲ್ಲಿ ಎಲ್ಲೂ ಇಲ್ಲ. ನಾನು ಹೊಸಬಳಾಗಿದ್ದು, ಇದನ್ನೇ ಮೊದಲು ಓದಿದ್ರೆ?"

ರೋಜಾ ಆ ಸಾಲನ್ನು ಮತ್ತೆ ಓದಿದಳು. ಪುಸ್ತಕ ಮೈಸೂರಿನ ಕಪಾಟಿನಲ್ಲಿ ಎಷ್ಟೋ ವರ್ಷದಿಂದ ಇತ್ತು. ಎಷ್ಟು ಜನರ ಮನೆಗೆ ಹೋಗಿಬಂದಿತ್ತೋ. ತಾನೇ ಬಸ್ಸಿನಲ್ಲಿ ತಂದು ಈ ಕೋಣೆಯೊಳಗೆ, ಈ ಮಂಚದ ಮೇಲೆ ಇಟ್ಟಿದ್ದಳು.

"ನನಗೆ ಗೊತ್ತಾಗಲಿಲ್ಲ" ಎಂದಳು.

"ನಿಮಗೆ ಹೇಗೆ ಗೊತ್ತಾಗಬೇಕು?" ಎಂದಳು ಶಿವಾನಿ. ಬೈಯುವ ದನಿಯಲ್ಲ. "ಪೆನ್ ಇದ್ಯಾ? ನಾನು ಹೇಳ್ತೀನಿ, ನೀವು ಬರೀರಿ. ಸಿಸ್ಟರ್‌ಗೆ ತೋರಿಸಿ ಅಂಟಿಸಿಬಿಡಿ. ಎಂಬತ್ತನೇ ಪುಟದಲ್ಲೂ ಒಂದಿದೆ."

ರೋಜಾ ಚೀಲದಿಂದ ಕಾಗದ ತೆಗೆದಳು. ಶಿವಾನಿ ಹೇಳತೊಡಗಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅಮೃತೇಶ, ಬಾಳೆಹಣ್ಣನ್ನೂ ಸೇರಿಸು ಎಂದ. ಮಂಗಳಮ್ಮ ವಾಕ್ಯ ಉದ್ದವಾಯಿತು, ಹಳ್ಳಿಯವರಿಗೆ ತಿಳಿಯುವ ಹಾಗೆ ಬರೆಸು ಎಂದರು. ಚಲುವಯ್ಯ ಸ್ಟೂಲು ತಂದು ಪಕ್ಕಕ್ಕೆ ಹಾಕಿಕೊಂಡು, "ಓದಾಕೆ ಬರ್ದೇ ಇರೋರ್ಗೂ ಗೊತ್ತಾಗ್ಬೇಕು. ಎಳ್ನೀರಿನ ಚಿತ್ರ ಬರ್ದು ಅದ್ರ ಮ್ಯಾಲೆ ಒಂದು ಗೀಟು ಎಳೀರಿ" ಎಂದ. ರೋಜಾಳಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಪೆನ್ನನ್ನು ಶಿವಾನಿಯ ಸೂಜಿಯಿಲ್ಲದ ಕೈಗೆ ಕೊಟ್ಟು, ಕಾಗದ ಜಾರದಂತೆ ಎರಡೂ ಕಡೆ ಅದುಮಿ ಹಿಡಿದಳು.